ಊಟಾಯ್ತಾ ಪಾಲಾಕ್ಷಯ್ಯ

ಚನ್ನರಾಯಪಟ್ಟಣದ ತಾಲ್ಲೂಕು ಕಚೇರಿಯ ಮುಂದೆ ನಿಂತು ಗುಮಾಸ್ತ ಪಾಲಾಕ್ಷಯ್ಯ ಯಾರು ಎಂದು ಕೇಳಿದರೆ ಜನ ಒಂದು ಗಳಿಗೆ ತಲೆ ಕೆರೆದುಕೊಳ್ಳುತ್ತಿದ್ದರು. ‘ಊಟಾಯ್ತಾ ಪಾಲಾಕ್ಷಯ್ಯ’ ಎಂದರೆ ಸಾಕು, ಬಾಗಿಲಲ್ಲಿ ಕೂತ ಜವಾನನಿಂದ ಹಿಡಿದು ಎದುರು ಹೋಟೆಲಿನ ಮಾಣಿಯವರೆಗೆ ಎಲ್ಲರೂ ಕೈ ಮಾಡಿ ತೋರಿಸುವರು. ಊಟ ಆಯಿತಾ ಎಂದು ಕೇಳುವುದು ನಮ್ಮ ಕಡೆ ಯಾವ ದೊಡ್ಡ ವಿಷಯ? ದಾರಿಯಲ್ಲಿ ಎದುರಾದವರನ್ನೆಲ್ಲ ಎಲ್ಲರೂ ಕೇಳುತ್ತಾರೆ. ಕೇಳಿ, ಉತ್ತರ ಕಿವಿಗೆ ಬೀಳುವ ಮೊದಲೇ ಮುಂದೆ ಹೋಗಿರುತ್ತಾರೆ. ಪಾಲಾಕ್ಷಯ್ಯ ಮಾತ್ರ ಕೇಳಿ ನಿಂತುಬಿಡುತ್ತಿದ್ದ. ‘ಆಯ್ತು’ ಎಂದು ಬಾಯಿಮಾತಿಗೆ ಹೇಳಿದವರ ಮುಖವನ್ನು ದಿಟ್ಟಿಸಿ, ‘ನಿಜವಾಗ್ಲೂ?’ ಎಂದು ಇನ್ನೊಮ್ಮೆ ಕೇಳುವನು. ಹಳ್ಳಿಯಿಂದ ಖಾತೆಯ ವಿಚಾರಕ್ಕೆ ನಡೆದು ಬಂದ ಮುದುಕಿಯರನ್ನಂತೂ ಅವರ ಕಾಗದ ಬಿಚ್ಚುವ ಮೊದಲೇ ಕೇಳಬೇಕು, ಇಲ್ಲದಿದ್ದರೆ ಅವನ ಕೈ ಓಡುತ್ತಿರಲಿಲ್ಲ.

ಜೊತೆಯ ಗುಮಾಸ್ತರಿಗೆ ಇದೊಂದು ತಮಾಷೆ. ಈ ಮನುಷ್ಯನಿಗೆ ಹಗಲೂ ರಾತ್ರಿ ಊಟದ್ದೇ ಧ್ಯಾನ, ಮನೆಯಲ್ಲಿ ಸರಿಯಾಗಿ ಹಾಕುವುದಿಲ್ಲವೋ ಏನೋ ಎಂದು ಬೆನ್ನ ಹಿಂದೆ ನಗುತ್ತಿದ್ದರು. ಬೇಸಗೆಯಲ್ಲೂ ಕೋಟಿನ ಗುಂಡಿಯನ್ನು ಕುತ್ತಿಗೆಯವರೆಗೆ ಬಿಗಿಯಾಗಿ ಹಾಕಿಕೊಳ್ಳುತ್ತಾನಲ್ಲ ಎಂದೂ ನಗುತ್ತಿದ್ದರು. ಅಡ್ಡಹೆಸರು ಹುಟ್ಟಿದ್ದು ಚನ್ನರಾಯಪಟ್ಟಣದಲ್ಲಾದರೂ ಅದಕ್ಕೆ ಕಾರಣವಾದ ಸಂಗತಿ ನಡೆದದ್ದು ಅವನು ಅಲ್ಲಿಗೆ ವರ್ಗವಾಗಿ ಬರುವ ಮೊದಲು, ಬೇರೆ ಕಡೆ, ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದಲ್ಲಿ, ಅವನ ಮಾವನ ಮನೆಯಲ್ಲಿ, ಯುದ್ಧದ ಕಾಲದ ಒಂದು ಶಿವರಾತ್ರಿಯಲ್ಲಿ. ಅದು ನೆನಪಾದರೆ ಅವನ ಕಿವಿ ಬಿಸಿಯಾಗುತ್ತಿತ್ತು, ಒಬ್ಬನೇ ಕೂತಿದ್ದರೂ.

ಪಾಲಾಕ್ಷಯ್ಯ ಹುಟ್ಟಿದ್ದು ಹೊಳೆನರಸೀಪುರದ ಕಡೆಯ ಹಳೇಕೋಟೆಯಲ್ಲಿ. ತಂದೆ ಬೇಗ ಹೋಗಿಬಿಟ್ಟರು. ತಾಯಿ ಮನೆಮನೆಗೆ ಮೊಸರು ಹಾಕಿ ಮಗನನ್ನು ಓದಿಸಿದಳು. ಮಗ ಪಾಸಾಗಿ, ಹೊಳೆನರಸೀಪುರದ ಕಚೇರಿಯಲ್ಲಿ ಗುಮಾಸ್ತನಾಗಿ, ಕರಿ ಕೋಟು ತೊಟ್ಟು ಊರಿಗೆ ಬಂದ ದಿನ ಅವಳು ಅತ್ತಳಂತೆ. ಅಲ್ಲಿಯವರೆಗೆ ಅವನ ಕೊರಳಲ್ಲಿದ್ದ ಲಿಂಗ ತಾಯಿ ಹಳೇ ಸೀರೆಯ ತುಂಡಿನಲ್ಲಿ ಸುತ್ತಿಕೊಟ್ಟದ್ದು. ಮಲ್ಲಿಪಟ್ಟಣದ ರುದ್ರಯ್ಯನವರು ತಮ್ಮ ಮಗಳು ನೀಲಾಂಬಿಕೆಯನ್ನು ಕೊಟ್ಟು ಮದುವೆ ಮಾಡಿದಾಗ ಅಳಿಯನಿಗೆ ಲಿಂಗವಿಡಲು ಬೆಳ್ಳಿಯ ಕರಡಿಗೆ ಮಾಡಿಸಿ ಹಾಕಿದರು. ರುದ್ರಯ್ಯನವರು ಮೆಣಸಿನಕಾಯಿ ವ್ಯಾಪಾರದಲ್ಲಿ ದುಡ್ಡು ಮಾಡಿದವರು, ಮನೆಯ ಮುಂದೆ ಸದಾ ಗಾಡಿ ನಿಂತಿರುತ್ತಿದ್ದ ಕುಳ. ಆ ಕರಡಿಗೆ ಎದೆಯ ಮೇಲೆ ಬಂದದ್ದೇ ಬಂದದ್ದು, ನಮ್ಮ ಪಾಲಾಕ್ಷಯ್ಯನ ಕೋಟಿನ ಮೇಲಿನ ಎರಡು ಗುಂಡಿ ಕಳಚಿಕೊಂಡವು. ಚಳಿಗಾಲದಲ್ಲೂ ಹಾಕುತ್ತಿರಲಿಲ್ಲ. ಬೆಳ್ಳಿ ಕಾಣಬೇಕಲ್ಲ.

ಇಷ್ಟೇ ಆಗಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಹೊಸದಾಗಿ ಮರ್ಯಾದೆ ಕಂಡವನಿಗೆ ಅದು ಎಲ್ಲಿ ಜಾರಿ ಹೋಗುತ್ತದೋ ಎಂಬ ಭಯ. ಆ ಭಯಕ್ಕೆ ಅವನು ಬೇರೆಯವರ ನಡವಳಿಕೆಯಲ್ಲಿ ಹುಳುಕು ಹುಡುಕುತ್ತಿದ್ದ. ವಿಭೂತಿ ಮೂರೆಳೆ ಸರಿಯಾಗಿಲ್ಲ ಅನ್ನುವನು. ಪೂಜೆಗೆ ಕೂತವರು ಮಾತಾಡಿದರು ಅನ್ನುವನು. ಮಾವನ ಮನೆಯಲ್ಲಿ ಇದು ಇನ್ನೂ ಒಂದು ಕೈ ಹೆಚ್ಚು. ಅತ್ತೆ ಗುರುಸಿದ್ದಮ್ಮನವರು ಅಳಿಯಂದಿರು ಬಹಳ ಆಚಾರವಂತರು ಎಂದು ಓಣಿಗೆಲ್ಲ ಹೇಳಿಕೊಂಡು ಬರುತ್ತಿದ್ದರು. ಅದನ್ನು ಕೇಳಿ ಅವನು ಇನ್ನಷ್ಟು ಉಬ್ಬುತ್ತಿದ್ದ.

ಆ ಮನೆಯಲ್ಲಿ ದೊಡ್ಡತಾಯಮ್ಮ ಎಂಬ ಹಿರಿಯ ಜೀವ ಒಂದಿತ್ತು. ರುದ್ರಯ್ಯನವರ ಅಕ್ಕ. ಸಣ್ಣ ವಯಸ್ಸಿಗೇ ಗಂಡ ತೀರಿಕೊಂಡು ತವರಿಗೆ ಬಂದವರು, ಅಲ್ಲಿಂದ ಮುಂದೆ ಆ ಮನೆಯ ದನಕರು, ಹಿತ್ತಿಲು, ಮಕ್ಕಳು ಎಲ್ಲ ಅವರ ಪಾಲಿಗೆ ಬಂತು. ನೀಲಾಂಬಿಕೆಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು ಅವರೇ. ಹಿಂದಿನ ವರ್ಷ ಶಿವರಾತ್ರಿಯ ಮಾರನೇ ದಿನ ದೊಡ್ಡತಾಯಮ್ಮ ಮೆದೆಯಿಂದ ಹುಲ್ಲು ಹಿರಿಯುವಾಗ ಸವೆದಿದ್ದ ಶಿವದಾರ ಕಡಿದು ಲಿಂಗ ಎಲ್ಲೋ ಬಿದ್ದುಹೋಯಿತು. ಪಾಪದ ಹೆಂಗಸು ಹುಲ್ಲನ್ನೆಲ್ಲ ಎಳೆ ಎಳೆ ಬಿಡಿಸಿ ಹುಡುಕಿದರು. ಸಿಕ್ಕಿತು. ತೊಳೆದು, ಪೂಜೆ ಮಾಡಿ, ಅಳುಕುತ್ತ ಬಂದು ಎಲ್ಲರ ಜೊತೆ ಪಂಕ್ತಿಯ ಕೊನೆಗೆ ಕೂತರು. ಎದುರು ಪಂಕ್ತಿಯಲ್ಲಿದ್ದ ಪಾಲಾಕ್ಷಯ್ಯ ಎಲೆಯ ಮುಂದಿನಿಂದ ಎದ್ದುಬಿಟ್ಟ.

‘ಲಿಂಗ ಮೈಮೇಲಿಂದ ಬಿದ್ದ ಮೇಲೆ ಭವಿಗೂ ಇವರಿಗೂ ಏನು ವ್ಯತ್ಯಾಸ? ಪ್ರಾಯಶ್ಚಿತ್ತ ಆಗದೆ ಪಂಕ್ತೀಲಿ ಹೇಗೆ ಕೂರ್ತಾರೆ?’ ಎಂದ.

ಲಿಂಗ ಕಟ್ಟಿಕೊಂಡ ಮನೆಯಲ್ಲಿ ‘ಭವಿ’ ಎನ್ನುವುದು ಸಣ್ಣ ಬೈಗುಳವಲ್ಲ. ನೀನು ನಮ್ಮವಳೇ ಅಲ್ಲ ಎಂದ ಹಾಗೆ. ಪೂಜೆಗೆ ಬಂದಿದ್ದ ಅಯ್ನೋರು ಏನೋ ಸಮಾಧಾನ ಹೇಳಹೊರಟರು, ಅಷ್ಟರಲ್ಲಿ ದೊಡ್ಡತಾಯಮ್ಮನೇ ತಮ್ಮ ಎಲೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಹಿತ್ತಿಲ ಕೋಣೆಗೆ ಹೋದರು. ಆ ಅಯ್ನೋರೇ ಮುಂದೆ ಪ್ರಾಯಶ್ಚಿತ್ತ ಮಾಡಿಸಿದರೂ ಅವರು ಮತ್ತೆ ಪಂಕ್ತಿಗೆ ಬರಲಿಲ್ಲ. ಮನೆಯವರು ಎರಡು ಸಲ ಕರೆದರು, ಆಮೇಲೆ ಕರೆಯುವುದು ಬಿಟ್ಟರು. ಗುರುಸಿದ್ದಮ್ಮ ಹೊತ್ತಿಗೆ ಸರಿಯಾಗಿ ಹಿತ್ತಿಲ ಬಾಗಿಲಲ್ಲಿ ತಟ್ಟೆ ಇಟ್ಟು ಬರುತ್ತಿದ್ದರು. ನೀಲಾಂಬಿಕೆ ಗಂಡನೊಂದಿಗೆ ಎಂಟು ದಿನ ಸರಿಯಾಗಿ ಮಾತಾಡಲಿಲ್ಲ. ಅವನಿಗೆ ಅದು ಯಾಕೆ ಎಂದು ಗೊತ್ತಿತ್ತು, ಗೊತ್ತಿಲ್ಲದವನ ಹಾಗೆ ಇದ್ದ.

ಈಗ ಆ ಶಿವರಾತ್ರಿಯ ಮಾತು. ಹಬ್ಬ ಶುಕ್ರವಾರ ಬಿತ್ತು, ಶನಿವಾರ ಪಾರಣೆ, ಭಾನುವಾರ ಹೇಗೂ ರಜೆ. ನೀಲಾಂಬಿಕೆ ಒಂದು ವಾರ ಮೊದಲೇ ತವರಿಗೆ ಹೋಗಿದ್ದಳು. ಪಾಲಾಕ್ಷಯ್ಯ ಶುಕ್ರವಾರ ಬೆಳಿಗ್ಗೆ ಸ್ನಾನ ಪೂಜೆ ಮುಗಿಸಿ, ಇಸ್ತ್ರಿ ಮಾಡಿದ ಪಂಚೆಯುಟ್ಟು, ಹೊಸ ಚಪ್ಪಲಿ ಮೆಟ್ಟಿ, ಹೊಳೆನರಸೀಪುರದಲ್ಲಿ ಅರಕಲಗೂಡಿನ ಬಸ್ಸು ಹತ್ತಿದ. ಗ್ರಹಚಾರ ಅಲ್ಲಿಂದಲೇ ಶುರುವಾಯಿತು.

ಯುದ್ಧದಿಂದಾಗಿ ಪೆಟ್ರೋಲು ಇಲ್ಲ, ಬಸ್ಸುಗಳೆಲ್ಲ ಇದ್ದಿಲಿನ ಮೇಲೆ ಓಡುತ್ತಿದ್ದ ಕಾಲ. ಹಿಂದೆ ಒಂದು ದೊಡ್ಡ ಪೀಪಾಯಿ, ಅದರಲ್ಲಿ ಇದ್ದಿಲು ಉರಿಯಬೇಕು, ಕ್ಲೀನರು ಹಿಡಿ ತಿರುಗಿಸಿ ತಿರುಗಿಸಿ ಗಾಳಿ ಹಾಕಬೇಕು. ಒಂದು ಏರು ಬಂದರೆ ಸಾಕು, ಬಸ್ಸು ಏದುಸಿರು ಬಿಟ್ಟು ನಿಲ್ಲುವುದು; ಪ್ರಯಾಣಿಕರು ಇಳಿದು ನೂಕುವುದು. ಪಾಲಾಕ್ಷಯ್ಯ ಮೊದಲ ಏರಿನಲ್ಲಿ ಇಳಿಯದೆ ಕೂತ. ಎರಡನೆಯದರಲ್ಲಿ ಡ್ರೈವರು, ಸಾಹೇಬರು ಕೂತ ಭಾರಕ್ಕೇ ಗಾಡಿ ಏಳುತ್ತಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಅಂದ. ಇಳಿದ. ನೂಕಿದ. ಪೀಪಾಯಿಯ ಪಕ್ಕದಲ್ಲೇ ಜಾಗ ಸಿಕ್ಕಿದ್ದರಿಂದ ಒಂದು ಪದರ ಮಸಿ ಮುಖ, ಕೋಟು, ಕರಡಿಗೆ ಎಲ್ಲದರ ಮೇಲೂ ಬಂದು ಕೂತಿತು. ಮುಂದೆ ಒಂದು ಕಡೆ ಬಸ್ಸು ನಿಂತದ್ದು ನಿಂತೇ ಹೋಯಿತು. ಜನರ ಜೊತೆ ಅರಕಲಗೂಡಿಗೆ ನಡೆದ. ಅರ್ಧ ದಾರಿಯಲ್ಲಿ ಕೊಡೆ ಬಸ್ಸಿನಲ್ಲೇ ಉಳಿಯಿತೆಂದು ನೆನಪಾಯಿತು. ಊರು ದಾಟಿ ಮಲ್ಲಿಪಟ್ಟಣದ ದಾರಿ ಹಿಡಿದಾಗ ಚಪ್ಪಲಿಯ ಉಂಗುಷ್ಠ ಕಿತ್ತುಬಂತು. ಉಪವಾಸದ ಹೊಟ್ಟೆ, ನೆತ್ತಿಯ ಮೇಲೆ ಬಿಸಿಲು, ಒಂದು ಕೈಯಲ್ಲಿ ಚಪ್ಪಲಿ. ಇದು ಅಳಿಯ ಮಾವನ ಮನೆಗೆ ಬರುವ ರೀತಿಯೇ?

ಮಲ್ಲಿಪಟ್ಟಣ ಇನ್ನೊಂದು ಹರದಾರಿ ಇರುವಾಗ ದಾರಿ ಪಕ್ಕ ಒಂದು ಕೆರೆ. ಈ ಮಸಿ ಮೋರೆಯಲ್ಲಿ ಊರು ಹೊಗುವುದು ಬೇಡ ಎಂದು ಇಳಿದ. ಕೋಟು ಅಂಗಿ ಕಳಚಿ ಮುಖ ಮೈ ತೊಳೆದ. ಕರಡಿಗೆಯನ್ನು ನೋಡಿದರೆ ಬೆಳ್ಳಿಯೆಲ್ಲ ಕಪ್ಪು. ಎಂದೂ ಕೊರಳಿಂದ ತೆಗೆಯದವನು, ತೆಗೆದ. ಮರಳಿನಲ್ಲಿ ತಿಕ್ಕಿ, ನೀರಲ್ಲಿ ಅದ್ದಿ, ಫಳಫಳ ಮಾಡಿ, ಒದ್ದೆ ದಾರ ಅಂಗಿಗೆ ತಾಗದಿರಲಿ ಎಂದು ಹೊಂಗೆಮರದ ಬುಡದ ಕಲ್ಲಿನ ಮೇಲೆ ಒಣಗಲು ಇಟ್ಟ. ಅಂಗಿ ತೊಟ್ಟು ಕೋಟು ಕೊಡವುತ್ತಿದ್ದಾಗ ಏರಿಯ ಮೇಲೆ ಗಾಡಿಯೊಂದು ಮಲ್ಲಿಪಟ್ಟಣದ ಕಡೆ ಹೋಗುವುದು ಕಂಡಿತು. ಅದೇ ಹೊತ್ತಿಗೆ ಎಮ್ಮೆಗಳ ಹಿಂಡೊಂದು ಕೆಸರು ಹಾರಿಸಿಕೊಂಡು ನೀರಿಗೆ ಇಳಿಯಿತು. ಪಂಚೆ ಕೊಳೆಯಾಗದಿರಲೆಂದು ಹಿಂದಕ್ಕೆ ಹಾರಿ, ಕೋಟು ಹಾಕಿಕೊಳ್ಳುತ್ತಲೇ ಏರಿಯತ್ತ ಓಡಿ, ಕೂಗಿ ಗಾಡಿ ನಿಲ್ಲಿಸಿ ಹತ್ತಿದ. ಆ ದಿನ ಮೊದಲ ಸಲ ಅದೃಷ್ಟ ತಿರುಗಿತೆಂದು ಅವನಿಗೆ ಸಂತೋಷವಾಯಿತು.

ಮಾವನ ಮನೆಯ ಜಗಲಿಯಲ್ಲಿ ಕಾಲಿಗೆ ನೀರು ಕೊಟ್ಟರು. ಬಗ್ಗಿದಾಗ ಎದೆಯ ಮೇಲೆ ಎಂದಿನಂತೆ ಬೆಳ್ಳಿ ತೂಗಾಡಲಿಲ್ಲ. ಪಾಲಾಕ್ಷಯ್ಯ ಬಗ್ಗಿದವನು ಹಾಗೇ ನಿಂತ. ಮೆಲ್ಲಗೆ ಕೋಟಿನ ಮೇಲಿನ ಗುಂಡಿ ಹಾಕಿಕೊಂಡ, ಅದರ ಕೆಳಗಿನದೂ ಹಾಕಿಕೊಂಡ.

ಹಾಗೇ ಹಿಂದಕ್ಕೆ ಓಡಬೇಕಿತ್ತು. ಕೆರೆಯಲ್ಲಿ ಮರೆತು ಬಂದೆ ಎಂದಿದ್ದರೆ ಮಾವ ಗಾಡಿ ಕಟ್ಟಿಸುತ್ತಿದ್ದರು. ಆದರೆ ಆ ಮಾತು ಯಾವ ಜಗಲಿಯ ಮೇಲೆ ಆಡುವುದು? ಹೋದ ವರ್ಷ ತಾನು ಎಲೆ ಬಿಟ್ಟೆದ್ದ ಪಡಸಾಲೆ ಅಲ್ಲೇ ಎದುರಿಗೇ ಕಾಣುತ್ತಿತ್ತು. ನೆಂಟರು ಸುತ್ತುವರಿದರು, ಕುಶಲ ಕೇಳಿದರು, ಬಸ್ಸಿನ ಕಥೆ ಕೇಳಿ ನಕ್ಕರು. ಅವನೂ ನಕ್ಕ. ಲಿಂಗಪೂಜೆಯಿಲ್ಲದೆ ಉಣ್ಣುವಂತಿಲ್ಲ, ಆದರೆ ಆ ದಿನ ಯಾರೂ ಉಣ್ಣುವುದಿಲ್ಲವಲ್ಲ, ನಾಳೆಯವರೆಗೆ ಹೇಗೋ ಆಗುತ್ತದೆ ಎಂದು ಹಬ್ಬದ ಉಪವಾಸವನ್ನೇ ಮರೆ ಮಾಡಿಕೊಂಡ. ಸಂಜೆಯ ಪೂಜೆಗೆ ಎಲ್ಲರೂ ಸಾಲಾಗಿ ಕೂರುವ ಹೊತ್ತಿಗೆ, ತಾನು ಗುಡಿಯಲ್ಲೇ ಕೂತು ಮಾಡುತ್ತೇನೆಂದು ಹೊರಟುಬಿಟ್ಟ. ಗುಡಿಯ ಕಂಬದ ಹಿಂದೆ, ಬರಿದಾದ ಅಂಗೈ ಕಾಣದಂತೆ ಬಿಲ್ವಪತ್ರೆ ಗುಡ್ಡೆ ಹಾಕಿಕೊಂಡು, ಕಣ್ಣು ಮುಚ್ಚಿ ಕೂತ. ನೋಡಿದವರು ಎಂಥ ಭಕ್ತಿ ಎಂದರು. ಪತ್ರೆಯ ಕೆಳಗೆ ಅವನ ಅಂಗೈ ಬೆವರುತ್ತಿತ್ತು. ಅವನು ಆ ಹೊತ್ತಿನಲ್ಲಿ ಶಿವನನ್ನು ಬೇಡಿಕೊಂಡದ್ದು ಒಂದೇ: ಯಾರೂ ಹತ್ತಿರ ಬರದಿರಲಿ.

ಶನಿವಾರ ಬೆಳಕು ಹರಿಯುತ್ತಿದ್ದಂತೆ ಪತ್ರೆ ತರುವ ನೆಪ ಹೇಳಿ ಬರಿಗಾಲಲ್ಲಿ ಕೆರೆಗೆ ಓಡಿದ. ಹೊಂಗೆಮರ ಇತ್ತು, ಕಲ್ಲಿತ್ತು, ಕರಡಿಗೆ ಇರಲಿಲ್ಲ. ನೀರಿಗಿಳಿದು ಕೆಸರು ಕೆದಕಿದ. ಎಮ್ಮೆಯ ಗೊರಸಿನ ಗುಂಡಿಗಳಲ್ಲಿ ಕೈಯಾಡಿಸಿದ. ಮೇಲೆ ಹತ್ತುವಾಗ ಜಾರಿ ಕಾಲು ಉಳುಕಿತು. ಕುಂಟುತ್ತ ಬಂದು ಯಾರ ಕಣ್ಣಿಗೂ ಬೀಳದಿರಲೆಂದು ಹಿತ್ತಿಲ ಬಾಗಿಲಿಂದ ಒಳಬಂದರೆ, ದೊಡ್ಡತಾಯಮ್ಮ ಬಾನಿಯ ಹತ್ತಿರ ಎಮ್ಮೆಗೆ ಕಲಗಚ್ಚು ಹಾಕುತ್ತ ನಿಂತಿದ್ದರು. ಅವನ ಕೈ ಆಗಲೂ ಎದೆಯ ಮೇಲೇ ಇತ್ತು, ಇಲ್ಲದ್ದನ್ನು ತಡವುತ್ತ. ಹೋದ ವರ್ಷ ಹುಲ್ಲಿನ ಮೆದೆಯ ಹತ್ತಿರ ತಾವೂ ಹಾಗೇ ತಡವಿಕೊಂಡವರು ಅವರು. ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

‘ಎಲ್ಲಿ ಓಯ್ತು?’ ಎಂದು ಮೆಲ್ಲಗೆ ಕೇಳಿದರು.

ಕೆರೆ ಎಂದ. ಅವರು ಒಳಗೆ ಹೋಗು ಎನ್ನಲಿಲ್ಲ, ಹೋದ ವರ್ಷದ ಮಾತು ಎತ್ತಲಿಲ್ಲ. ಎತ್ತಿ ಆಡಿ, ಬೈದು, ಮುಖಕ್ಕೆ ಮಂಗಳಾರತಿ ಎತ್ತಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಒಳಗೆ ಪಾರಣೆಗೆ ಎಲೆ ಹಾಕುತ್ತಿದ್ದ ಸದ್ದು. ಅಯ್ನೋರು ಬಂದಾಗಿತ್ತು, ಅವರು ಒಬ್ಬೊಬ್ಬರ ಮುಂದೆ ನಿಂತು ಅಂಗೈಯ ಲಿಂಗದ ಮೇಲೆ ತೀರ್ಥ ಬಿಡುವುದು ಆ ಮನೆಯ ಪದ್ಧತಿ. ಪತ್ರೆಯ ಗುಡ್ಡೆ ಅಲ್ಲಿ ನಡೆಯುವಂತಿರಲಿಲ್ಲ. ದೊಡ್ಡತಾಯಮ್ಮ ಸೆರಗಿನೊಳಗೆ ಕೈ ಹಾಕಿ ಕೊರಳಿನ ದಾರ ತೆಗೆದರು. ಹಳೇ ಬಟ್ಟೆಯಲ್ಲಿ ಸುತ್ತಿದ ಲಿಂಗ. ಎರಡು ಕೈಯಲ್ಲೂ ಹಿಡಿದು ಕಣ್ಣಿಗೊತ್ತಿಕೊಂಡು ಅವನ ಮುಂದೆ ಚಾಚಿದರು.

ಪಾಲಾಕ್ಷಯ್ಯ ಹಿಂದೆ ಸರಿದ. ಒಬ್ಬರ ಕೊರಳಿನ ಲಿಂಗ ಇನ್ನೊಬ್ಬರ ಕೈಗೆ ಹೋಗುವುದುಂಟೇ? ಯಾರಾದರೂ ಹೀಗೆ ಮಾಡಿದರೆಂದು ಕೇಳಿದ್ದರೆ ಅವನೇ ಮೊದಲು ಎದ್ದು ನಿಂತು ಕೂಗಾಡುತ್ತಿದ್ದ.

‘ತಕ್ಕಳಿ. ನಿಮ್ಗಲ್ಲ ಕೊಡ್ತಿರೋದು, ನಮ್ ನೀಲನ ಮುಖ ನೋಡಿ. ಅಷ್ಟು ಜನದ್ ಮುಂದೆ ಅವ್ಳು ತಲೆ ತಗ್ಸೋದು ಬ್ಯಾಡ,’ ಎಂದರು.

‘ನೀವು ದೊಡ್ಡತ್ತೆ? ನಿಮಗೆ?’

‘ನಂಗೇನಾಗ್ಬೇಕು. ಇತ್ಲಲ್ಲಿ ಉಣ್ಣೋಳ್ನ ಯಾರು ನೋಡಾರು.’

ಆ ಮಾತಿಗೆ ಎರಡು ಅರ್ಥವಿತ್ತು. ಲಿಂಗವಿಲ್ಲದೆಯೂ ಸುಮ್ಮನೆ ಉಂಡುಬಿಡುತ್ತೇನೆ, ಯಾರಿಗೂ ತಿಳಿಯುವುದಿಲ್ಲ ಎಂದು ಒಂದು. ಉಣ್ಣದಿದ್ದರೂ ಯಾರಿಗೂ ತಿಳಿಯುವುದಿಲ್ಲ ಎಂದು ಇನ್ನೊಂದು. ಪಾಲಾಕ್ಷಯ್ಯ ತನಗೆ ಬೇಕಾದ ಅರ್ಥ ತೆಗೆದುಕೊಂಡ. ಬಟ್ಟೆಯ ಗಂಟನ್ನು ಕೊರಳಿಗೆ ಹಾಕಿಕೊಂಡು ಒಳಗೆ ಹೋದ.

ಪಂಕ್ತಿಯಲ್ಲಿ ಕೂತಾಗ ಬೆಳ್ಳಿಯ ಕರಡಿಗೆ ಎಲ್ಲಿ ಎಂದು ಗುರುಸಿದ್ದಮ್ಮ ಕೇಳಿಯೇ ಕೇಳಿದರು. ಹಬ್ಬದ ದಿನಗಳಲ್ಲಿ ಬೆಳ್ಳಿಯ ಜಂಭ ಬೇಡವೆಂದು ಬಟ್ಟೆಯಲ್ಲಿ ಧರಿಸಿದ್ದೇನೆ ಎಂದ. ಇಂಥ ಸುಳ್ಳು ತನ್ನ ಬಾಯಿಂದ ಇಷ್ಟು ಸಲೀಸಾಗಿ ಬಂತಲ್ಲ ಎಂದು ಅವನಿಗೇ ಬೆರಗಾಯಿತು. ಅಯ್ನೋರು ತೀರ್ಥ ಬಿಡುತ್ತ, ಓದಿದವರಿಗೆ ಈ ಸರಳತೆ ಬರುವುದು ಅಪರೂಪ ಎಂದು ಎಲ್ಲರಿಗೂ ಕೇಳುವಂತೆ ಹೊಗಳಿದರು. ರುದ್ರಯ್ಯನವರ ಮುಖ ಅರಳಿತು. ನೀಲಾಂಬಿಕೆ ಬಡಿಸುತ್ತಿದ್ದವಳು ನಿಂತು ಗಂಡನ ಅಂಗೈಯನ್ನೇ ನೋಡಿದಳು. ಆ ಬಟ್ಟೆ ಅವಳ ಹಳೇ ಲಂಗದ ತುಂಡು. ಹೋಳಿಗೆಯನ್ನು ಎಲೆಗೆ ಹಾಕಿ ಮುಂದೆ ಹೋದಳು. ಅವನು ಉಂಡ. ಒಂದೂವರೆ ದಿನದ ಹಸಿವು, ನಾಲಿಗೆಗೆ ನಾಚಿಕೆಯಿಲ್ಲ. ಹೋಳಿಗೆ ರುಚಿಯಾಗಿಯೇ ಇತ್ತು. ಮುಂದೆ ಎಷ್ಟೋ ವರ್ಷ ಅವನನ್ನು ತಿಂದದ್ದು ಅದೇ, ಅದು ರುಚಿಯಾಗಿತ್ತಲ್ಲ ಎಂಬುದು.

ಊಟವಾದ ಕೂಡಲೇ ಹಿಂದಿರುಗಿಸಬೇಕೆಂದು ಮನಸ್ಸಿನಲ್ಲಿತ್ತು. ಮಾವ ಜಗಲಿಗೆ ಕರೆದರು, ಯಾರೋ ಪರಿಚಯಕ್ಕೆ ಬಂದರು. ಸಂಜೆಯೂ ಪೂಜೆ, ಸಂಜೆಯೂ ಪಂಕ್ತಿ. ಕೊಟ್ಟುಬಿಟ್ಟರೆ ಬೆಳಿಗ್ಗೆ ಏನು ಮಾಡುವುದು? ಭಾನುವಾರ ಮಧ್ಯಾಹ್ನ ಹೊರಡುವಾಗ ಕೊಟ್ಟರಾಯಿತು, ಹೊಳೆನರಸೀಪುರಕ್ಕೆ ಹೋಗಿ ಗುರುಗಳ ಹತ್ತಿರ ಸದ್ದಿಲ್ಲದೆ ಹೊಸದು ಕಟ್ಟಿಸಿಕೊಳ್ಳುತ್ತೇನೆ ಎಂದು ಲೆಕ್ಕ ಹಾಕಿದ. ಭಾನುವಾರ ಬೆಳಿಗ್ಗೆ ಮುಖ ತೊಳೆಯಲು ಹಿತ್ತಿಲಿಗೆ ಹೋದಾಗ ಎಮ್ಮೆಯ ಬಾನಿ ಕಂಡಿತು. ಕಲಗಚ್ಚಿನ ಮೇಲೆ ಹೋಳಿಗೆ ತೇಲುತ್ತಿತ್ತು. ಮುರಿಯದ, ಮಡಿಚಿದ ಹಾಗೇ ಇದ್ದ ಹೋಳಿಗೆ, ತಟ್ಟೆಯಿಂದ ಸುರಿದ ಹಾಗೇ ಇದ್ದ ಅನ್ನ. ಅವನು ನೋಡಿದ. ನೋಡಿ, ಮುಖ ಆಚೆ ತಿರುಗಿಸಿದ. ಮುದುಕಿಗೆ ಸಿಹಿ ಸೇರದೇನೋ ಎಂದುಕೊಂಡು ಒಳಗೆ ಹೋಗಿ, ಪೂಜೆಗೆ ಕೂತು, ಬೆಳಗಿನ ಊಟವನ್ನೂ ಮುಗಿಸಿದ. ಹಿತ್ತಿಲ ಕೋಣೆಯ ಬಾಗಿಲಲ್ಲಿ ತಲೆ ಹಾಕಿ ಒಂದು ಮಾತು ಕೇಳಲು ನಾಲ್ಕು ಹೆಜ್ಜೆ ಸಾಕಿತ್ತು. ಹೋಗಲಿಲ್ಲ. ಕೇಳಿದರೆ ಅವರು ನಿಜ ಹೇಳಿಬಿಡಬಹುದೆಂಬ ಭಯ.

ಬಿಸಿಲೇರಿದ ಮೇಲೆ ಜಗಲಿಯಲ್ಲಿ ಏಳೆಂಟು ಜನ ಸೇರಿದ್ದರು. ಜಪಾನಿನವರು ಸಿಂಗಪುರದ ಬಾಗಿಲಿಗೆ ಬಂದರಂತೆ ಎಂಬ ಮಾತು ನಡೆದಿತ್ತು. ಪಾಲಾಕ್ಷಯ್ಯ ಕೋಟು ಹಾಕಿಕೊಂಡು ಗಾಡಿ ಕಾಯುತ್ತಿದ್ದ. ಆಗ ಕಂಬಳಿ ಹೊದ್ದ ರೈತನೊಬ್ಬ ಬೀದಿಯಲ್ಲಿ ನಿಂತು ಕೈಮುಗಿದ. ಕೆರೆಯ ಆಚೆಯ ಹಳ್ಳಿಯ ಚಿಕ್ಕಬೀರಯ್ಯ. ಕೈಯಲ್ಲಿ ಮುತ್ತುಗದ ಎಲೆಯ ಪೊಟ್ಟಣ. ಶುಕ್ರವಾರ ತನ್ನ ಹೆಂಡತಿ ಲಕ್ಕಮ್ಮ ಎಮ್ಮೆ ಹೊಡೆದುಕೊಂಡು ಕೆರೆಗೆ ಹೋದಾಗ ಇದು ಸಿಕ್ಕಿತೆಂದೂ, ಬರಿಗೈಯಲ್ಲಿ ಮುಟ್ಟಬಾರದೆಂದು ಎಲೆಯಲ್ಲಿ ಎತ್ತಿ ತಂದು ಗೂಡಿನಲ್ಲಿಟ್ಟು ದೀಪ ಹಚ್ಚಿದ್ದಾಳೆಂದೂ, ಯಾರದೆಂದು ತಿಳಿಯದೆ ಊರೂರು ಕೇಳಿ, ಕಡೆಗೆ ಆ ಗಾಡಿಯವನಿಂದ ಈ ಮನೆಯ ಅಳಿಯಂದಿರ ಸುದ್ದಿ ಸಿಕ್ಕಿತೆಂದೂ ಹೇಳಿದ. ಪೊಟ್ಟಣವನ್ನು ಜಗಲಿಯ ಮೇಲಿಟ್ಟು ಬಿಚ್ಚಿದ. ಬೆಳ್ಳಿ ಬಿಸಿಲಿಗೆ ಹೊಳೆಯಿತು.

‘ಇದಿಲ್ದೆ ತಾವು ಉಣ್ಣಾಕಿಲ್ವಲ್ಲ ಬುದ್ಧಿ. ಆ ಯಪ್ಪ ಎಲ್ಲಿ ಉಪಾಸ ಕುಂತವ್ನೋ ಅಂತ ನಮ್ಮೆಂಗಸ್ಗೂ ಎಲ್ಡ್ ದಿನದಿಂದ ಅನ್ನ ಸೇರ್ಲಿಲ್ಲ ಕಣ್ರ,’ ಎಂದ.

ಸಿಂಗಪುರದ ಮಾತು ಎಲ್ಲಿ ಹೋಯಿತೋ. ರುದ್ರಯ್ಯನವರು ಕರಡಿಗೆಯನ್ನು ನೋಡಿದರು, ತಾವೇ ಮಾಡಿಸಿದ್ದು. ಅಳಿಯನನ್ನು ನೋಡಿದರು.

‘ಅಂಗಾರೆ ನೆನ್ನೆಯಿಂದ ನಿಮ್ಮ ಅಂಗೈಲಿ ಇರೋದು ಯಾವ್ದು?’ ಎಂದು ಕೇಳಿದರು.

ಸುಳ್ಳು ಒಂದಲ್ಲ, ನಾಲ್ಕು ನಾಲಿಗೆಯ ತುದಿಗೆ ಬಂದವು. ಅದು ಖಾಲಿ ಕರಡಿಗೆ ಎನ್ನಬಹುದಿತ್ತು. ತಾಯಿ ಕೊಟ್ಟದ್ದು ಇನ್ನೊಂದಿದೆ ಎನ್ನಬಹುದಿತ್ತು. ಆದರೆ ಕೆರೆಯಾಚೆ, ಮುಖವನ್ನೇ ಕಾಣದ ಯಾವಳೋ ಎಮ್ಮೆ ಕಾಯುವ ಹೆಂಗಸು ತನ್ನ ಹಸಿವಿಗಾಗಿ ಅನ್ನ ಬಿಟ್ಟು ಕೂತಿದ್ದಾಳೆ. ಇಲ್ಲಿ ಗೋಡೆಯ ಆಚೆ ಇನ್ನೊಬ್ಬಳು. ತಾನು ಮಾತ್ರ ಮೂರು ಹೊತ್ತು ಉಂಡಿದ್ದಾನೆ. ಬಾನಿಯಲ್ಲಿ ತೇಲುತ್ತಿದ್ದ ಹೋಳಿಗೆ ಕಣ್ಣ ಮುಂದೆ ಬಂತು, ಈಗ ಮುಖ ತಿರುಗಿಸಲು ಜಾಗವಿರಲಿಲ್ಲ.

‘ದೊಡ್ಡತ್ತೇದು,’ ಎಂದ. ‘ಅವರು ಮೂರು ದಿನದಿಂದ ಉಂಡಿಲ್ಲ. ಹೋದ ವರ್ಷ ಅವರಿಗೆ ಒಂದು ಮಾತಂದಿದ್ದೆ. ಅದು ನಾನು ಮಾವ. ಭವಿ ನಾನು.’

ಗುರುಸಿದ್ದಮ್ಮ ಬಾಗಿಲಲ್ಲಿ ನಿಂತು ಕೇಳಿದವರು ಒಳಗೆ ಓಡಿದರು. ತಾವೇ ಹೊತ್ತು ಹೊತ್ತಿಗೂ ತಟ್ಟೆ ಇಟ್ಟು ಬಂದವರು, ಒಂದು ಸಲವೂ ನಿಂತು ನೋಡಿರಲಿಲ್ಲ. ನೀಲಾಂಬಿಕೆ ಅವರಿಗಿಂತ ಮೊದಲೇ ಅಲ್ಲಿದ್ದಳು. ದೊಡ್ಡತಾಯಮ್ಮ ಗೋಣಿತಾಟಿನ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಅವರಿಬ್ಬರ ಸದ್ದಿಗೆ ಎದ್ದು ಕೂರಹೋಗಿ ಕೂರಲಾಗದೆ ನೀಲಾಂಬಿಕೆಯ ಭುಜ ಹಿಡಿದರು. ಪಾಲಾಕ್ಷಯ್ಯ ಕೊರಳಿಂದ ಬಟ್ಟೆಯ ಗಂಟು ತೆಗೆದು, ಎರಡು ಕೈಯಲ್ಲಿ ಹಿಡಿದು, ಅವರ ಮುಂದೆ ನೆಲಕ್ಕೆ ಮಂಡಿಯೂರಿ ಕೊಟ್ಟ. ನೀಲಾಂಬಿಕೆ ಅವನ ಕಡೆ ತಿರುಗಿಯೂ ನೋಡದೆ ದೊಡ್ಡತ್ತೆಗೆ ನೀರು ತರಲು ಹೋದಳು.

ಮುದುಕಿ ಮುಖ ಮೈ ತೊಳೆದು, ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆ ಮುಗಿಸುವವರೆಗೆ ಎಲ್ಲರೂ ಕಾದರು. ರುದ್ರಯ್ಯನವರು ಅಕ್ಕನನ್ನು ಕೈಹಿಡಿದು ಪಡಸಾಲೆಗೆ ಕರೆತಂದರು. ಹೋದ ವರ್ಷ ಪಾಲಾಕ್ಷಯ್ಯ ಬಿಟ್ಟೆದ್ದ ಜಾಗದಲ್ಲೇ ಎಲೆ ಹಾಕಿದರು. ಚಿಕ್ಕಬೀರಯ್ಯ ಬಾಗಿಲಾಚೆ ಏನೂ ತಿಳಿಯದೆ, ತನ್ನಿಂದ ಏನೋ ಅನಾಹುತವಾಯಿತೆಂದು ಕಂಬಳಿ ಹಿಂಡುತ್ತ ನಿಂತಿದ್ದ. ಅವನಿಗೂ ಎಲೆ ಹಾಕಿಸಿದರು.

ಪಾಲಾಕ್ಷಯ್ಯ ಅಡುಗೆಮನೆಯಿಂದ ಅನ್ನದ ತಪ್ಪಲೆಯನ್ನು ತಾನೇ ತಂದ. ಹೆಂಗಸರು ಬೇಡವೆನ್ನಲಿಲ್ಲ. ದೊಡ್ಡತಾಯಮ್ಮನ ಎಲೆಗೆ ಬಗ್ಗಿ ಬಡಿಸುವಾಗ ಅಗುಳು ನೆಲಕ್ಕೆ ಚೆಲ್ಲಿತು. ಸಾರು ಬಿಟ್ಟ. ಅವರು ಒಂದು ತುತ್ತು ಕಲಸಿದರು, ಬಾಯಿಯವರೆಗೆ ತಂದರು, ನಿಲ್ಲಿಸಿದರು. ತಲೆಯೆತ್ತಿ ಅವನ ಮುಖ ನೋಡಿದರು. ಆ ನೋಟದಲ್ಲಿ ಕೊಂಕಿರಲಿಲ್ಲ. ನಮ್ಮ ಕಡೆ ಎಲ್ಲರೂ ಎಲ್ಲರನ್ನೂ ದಿನಾ ಕೇಳುವುದನ್ನೇ ಅವರು ಕೇಳಿದರು.

‘ನಿಮ್ದು ಊಟಾಯ್ತಾ ಅಳೀಂದ್ರೆ?’

ಅವನು ಎರಡು ದಿನದಿಂದ ಕೇಳದೆ ಬಿಟ್ಟಿದ್ದ ಮಾತು ಅದು. ತಪ್ಪಲೆ ಹಿಡಿದು ನಿಂತೇ ಇದ್ದ. ಆಯ್ತು ಎನ್ನಲು ಅವನಿಗೆ ಬಾಯಿ ಬರಲಿಲ್ಲ.